ಎಲುಬು ಡಾಕ್ಟ್ರ ಬಾಗಿಲ ಬಳಿ ಒಂದು ಪಾಠಶಾಲೆ

ರಾಯಚೂರು ಜಿಲ್ಲೆಯ ವಳಕಮದಿನ್ನಿಯಂಥ ಹಳ್ಳಿಯಲ್ಲಿ ಬದುವಿನ ಮೇಲಿಂದ ಜಾರಿ ಬಿದ್ದು ಮುಂಗೈ ಮುರಿದುಕೊಂಡವರಿಗೆ ಮೊದಲು ಸಿಗುವುದು ಒಂದು ಬಿದಿರ ಚಕ್ಕೆ ಮತ್ತು ಹಳೆ ಸೀರೆಯಿಂದ ಹರಿದ ಪಟ್ಟಿ. ಎತ್ತ ಹೋಗಬೇಕೆಂಬ ಮಾತು ಬರುವುದು ಆಮೇಲೆ. ಮಸ್ಕಿ, ಸಿಂಧನೂರು, ಲಿಂಗಸುಗೂರು ಈ ಮೂರರಲ್ಲಿ ಯಾವ ಕಡೆಗೆ ಗಾಡಿ ಸಿಕ್ಕರೆ ಅತ್ತ. ಅಲ್ಲಿ ಎಕ್ಸ್‌ರೇ ನೋಡಿ ‘ಇದು ನಮ್ಮಿಂದ ಆಗಲ್ಲ, ದೊಡ್ಡ ದವಾಖಾನಿಗೆ ಹೋಗ್ರಿ’ ಅಂದರೆ ರಾಯಚೂರಿನ ದಾರಿ. ಅಲ್ಲಿ 2007ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್ ಇದೆ. ಖಾಸಗಿ ಆಸ್ಪತ್ರೆಗಳೂ ಇವೆ. ಎಲ್ಲಿಗೇ ಹೋದರೂ ಜನ ಕೇಳುವುದು ಒಂದೇ: ‘ಎಲುಬು ಡಾಕ್ಟ್ರು ಅದಾರೇನು?’

ಆ ಎಲುಬು ಡಾಕ್ಟ್ರ ಕೋಣೆಯ ಹೊರಗಿನ ಬೆಂಚುಗಳ ಮೇಲೆ ಸ್ವಲ್ಪ ಹೊತ್ತು ಕೂತರೆ ಈ ಸೀಮೆಯ ದುಡಿಮೆಯೆಲ್ಲ ಕಣ್ಣಿಗೆ ಬೀಳುತ್ತದೆ. 1953ರಲ್ಲಿ ತುಂಗಭದ್ರಾ ಜಲಾಶಯ ಕಟ್ಟಿ ಮುಗಿದು, ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಸುತ್ತ ಭತ್ತದ ಗದ್ದೆಗಳಾದವು. ಗದ್ದೆಯಾದದ್ದೇ ನಾಟಿಯ ಹೆಂಗಸರಿಗೆ ಟೊಂಕದ ನೋವು ಬಂತು. ಕೆಸರಲ್ಲಿ ಹಿಂದಕ್ಕೆ ಹೆಜ್ಜೆ ಇಡುತ್ತ, ಬೆಳಗಿನಿಂದ ಇಳಿಹೊತ್ತಿನವರೆಗೆ ಬಾಗಿಯೇ ಇರುವ ಕೆಲಸ ಅದು. ಮಸ್ಕಿ, ಲಿಂಗಸುಗೂರು ಕಡೆ ಮಳೆ ನಂಬಿದ ಹೊಲಗಳೇ ಹೆಚ್ಚು. ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಗುಳೆ ಹೋಗುತ್ತದೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಸಾರುವೆಯಿಂದ ಬಿದ್ದ ಹುಡುಗ ಕಾಲಿಗೆ ರಾಡ್ ಹಾಕಿಸಿಕೊಂಡು ಊರಿಗೆ ಮರಳಿರುತ್ತಾನೆ. ಮುಂದಿನ ತಪಾಸಣೆಗೆ ಅವನು ಬರುವುದು ಇಲ್ಲಿಗೇ. ಹಟ್ಟಿ ಚಿನ್ನದ ಗಣಿ ಇರುವುದೂ ಲಿಂಗಸುಗೂರು ತಾಲ್ಲೂಕಿನಲ್ಲಿ. ಇದರ ಮೇಲೆ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಪೋಣಿಸಿಕೊಂಡು ಹೋಗುವ 150ಎ ರಾಷ್ಟ್ರೀಯ ಹೆದ್ದಾರಿ. ಬೈಕಿನಲ್ಲಿ ಮೂವರು, ಎದುರಿಗೆ ಭತ್ತದ ಲಾರಿ, ತಲೆಗೆ ಹೆಲ್ಮೆಟ್ ಇಲ್ಲ.

ಈ ಗದ್ದಲದ ನಡುವೆ ಬಿಳಿ ಕೋಟಿನ, ಎದೆಗೆ ಕಾಲೇಜಿನ ಗುರುತಿನ ಚೀಟಿ ತೂಗುಬಿಟ್ಟುಕೊಂಡ ಹುಡುಗ ಹುಡುಗಿಯರು ನಿಂತಿರುತ್ತಾರೆ. ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂ ಓದುವವರು, ಬಿಎಸ್ಸಿ ನರ್ಸಿಂಗ್ ಓದುವವರು. ಜನ ಅವರನ್ನೂ ‘ಸಿಸ್ಟರ್’ ಎಂದೇ ಕರೆಯುತ್ತಾರೆ. ವಯಸ್ಸಾದವರು ‘ನರ್ಸಮ್ಮ, ಸ್ವಲ್ಪ ನೋಡವ್ವಾ’ ಎಂದು ಚೀಟಿ ಚಾಚುತ್ತಾರೆ. ಕ್ಲಿನಿಕಲ್ ಪೋಸ್ಟಿಂಗ್ ಎಂಬ ಹೆಸರಿನಲ್ಲಿ ಇವರನ್ನು ವಾರಗಳ ಲೆಕ್ಕದಲ್ಲಿ ಒಂದೊಂದು ವಿಭಾಗಕ್ಕೆ ಹಂಚಿರುತ್ತಾರೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ಬಿಎಸ್ಸಿಗೆ ತಂದ ಸೆಮಿಸ್ಟರ್ ಪಠ್ಯಕ್ರಮದಲ್ಲಿ ಮೂರನೇ ಸೆಮಿಸ್ಟರ್‌ನ ವಯಸ್ಕರ ಶುಶ್ರೂಷೆಗೆ 18 ವಾರಗಳ ಕ್ಲಿನಿಕಲ್ ಇದೆ. ಅದರಲ್ಲಿ ಎಲುಬು-ಕೀಲಿನ ಪಾಲು 2 ವಾರ, ಅದೂ ವಾರ್ಡಿನಲ್ಲಿ. ಪ್ಲಾಸ್ಟರ್ ಹಾಕುವಾಗ ಮತ್ತು ಬಿಚ್ಚುವಾಗ ನೆರವಾಗುವುದು, ಟ್ರ್ಯಾಕ್ಷನ್ ನೋಡಿಕೊಳ್ಳುವುದು, ಊರುಗೋಲಿನ ನಡಿಗೆ ಕಲಿಸುವುದು ಇವೆಲ್ಲ ಆ ಎರಡು ವಾರದೊಳಗೆ ಮುಗಿಯಬೇಕು.

ನನ್ನ ತಕರಾರು ಇಲ್ಲಿಂದ ಶುರು. ವಾರ್ಡಿನಲ್ಲಿ ಮಲಗಿದವರು ಎಲುಬಿನ ರೋಗಿಗಳಲ್ಲಿ ಕೆಲವರೇ. ಉಳಿದ ದೊಡ್ಡ ಗುಂಪು ಬೆಳಿಗ್ಗೆ ಚೀಟಿ ಮಾಡಿಸಿ, ಎಕ್ಸ್‌ರೇ ತೆಗೆಸಿ, ಪಟ್ಟಿ ಹಾಕಿಸಿಕೊಂಡು ಸಂಜೆಯ ಬಸ್ಸಿಗೆ ಊರಿಗೆ ಹೊರಟುಬಿಡುತ್ತದೆ. ಆಸ್ಪತ್ರೆಯ ಕೈಯಲ್ಲಿ ಅವರಿರುವುದು ನಿಮಿಷಗಳ ಮಟ್ಟಿಗೆ. ಮುಂದಿನ ಆರು ವಾರ ಮುರಿದ ಎಲುಬನ್ನು ಕಾಯಬೇಕಾದವರು ಮನೆಯವರು. ಹೇಗೆ ಕಾಯಬೇಕೆಂದು ಅವರಿಗೆ ಕೂತು ಹೇಳುವವರು ಯಾರು? ಡಾಕ್ಟರ ಮುಂದೆ ಸಾಲು ಬಾಗಿಲು ದಾಟಿ ಹೋಗಿರುತ್ತದೆ, ಕಾಯಂ ನರ್ಸ್ ಒಬ್ಬರೇ ಇಂಜೆಕ್ಷನ್ನು, ಡ್ರೆಸ್ಸಿಂಗು, ದಾಸ್ತಾನು ಎಲ್ಲ ನೋಡಬೇಕು. ಕೈ ಖಾಲಿ ಇರುವವರು ಈ ವಿದ್ಯಾರ್ಥಿಗಳು. ಅವರಿಗೋ ಹಲವು ಕಡೆ ರಿಜಿಸ್ಟರ್ ಬರೆಯುವ, ಸಾಲು ಸರಿಪಡಿಸುವ, ಹೆಸರು ಕೂಗುವ ಕೆಲಸ ಹಚ್ಚಿರುತ್ತಾರೆ. ಕಲಿಯಬೇಕಾದ ಜಾಗದಲ್ಲೇ ನಿಂತು ಅವರು ಕಲಿಯದೆ ಹೋಗುತ್ತಾರೆ. ಎಲುಬಿನ ಹೊರರೋಗಿ ವಿಭಾಗವನ್ನು, ಅಂದರೆ ಓಪಿಡಿಯನ್ನು, ನರ್ಸಿಂಗ್ ಕಾಲೇಜುಗಳು ಪೂರಾ ತರಗತಿಯೆಂದು ಒಪ್ಪಬೇಕು ಎಂಬುದು ನನ್ನ ಮಾತು. ಇಷ್ಟು ಒತ್ತಿ ಹೇಳಲು ಕಾರಣ ಪಟ್ಟಿ ಕಟ್ಟುವ ಕೋಣೆಯಲ್ಲಿದೆ.

ಊರ ಕಡೆ ಪ್ಲಾಸ್ಟರನ್ನು ಸಿಮೆಂಟ್ ಪಟ್ಟಿ ಅನ್ನುತ್ತಾರೆ. ಅಸಲಿಗೆ ಅದು ಸುಟ್ಟ ಜಿಪ್ಸಂ. ಸವಳು ಬಿದ್ದ ಗದ್ದೆಗೆ ಸಿಂಧನೂರಿನ ರೈತರು ಚೀಲಗಟ್ಟಲೆ ಸುರಿಯುವ ಜಿಪ್ಸಂ ಇದೆಯಲ್ಲ, ಅದನ್ನೇ ಕಾಯಿಸಿ ನೀರಿನಂಶ ತೆಗೆದ ಪುಡಿ. ಅದನ್ನು ಬಟ್ಟೆಯ ಸುರುಳಿಗೆ ಸವರಿ ಮುರಿದ ಎಲುಬಿಗೆ ಸುತ್ತಬಹುದೆಂದು 1850ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವನು ಅಂಟೋನಿಯಸ್ ಮಥೈಸನ್ ಎಂಬ ಡಚ್ ಸೈನ್ಯದ ವೈದ್ಯ. ನೀರು ತಾಕಿದೊಡನೆ ಪುಡಿ ಮತ್ತೆ ಕಲ್ಲಾಗುತ್ತದೆ, ಕಲ್ಲಾಗುವಾಗ ಬಿಸಿಯೇಳುತ್ತದೆ. ವಿದ್ಯಾರ್ಥಿ ಮೊದಲು ಕಲಿಯುವುದು ಸುರುಳಿ ಅದ್ದುವ ಹದವನ್ನು. ಬಕೆಟ್ಟಿನಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ಕಾಯಬೇಕು. ಆಮೇಲೆ ಎರಡೂ ತುದಿ ಹಿಡಿದು ನಡುವಿಗೆ ಒತ್ತಿ ನೀರು ಇಳಿಸಬೇಕು. ಸೀರೆ ಹಿಂಡಿದಂತೆ ತಿರುಚಿದರೆ ಪುಡಿಯೆಲ್ಲ ಬಕೆಟ್ಟಿಗೆ ಹೋಗಿ ಬರಿ ಬಟ್ಟೆ ಉಳಿಯುತ್ತದೆ. ಕಟ್ಟಿದ ಪಟ್ಟಿ ಹಸಿಯಿರುವಾಗ ಅದನ್ನು ಅಂಗೈ ಮೇಲೆ ಹೊರಬೇಕು. ಬೆರಳು ಒತ್ತಿದರೆ ಒಳಗೆ ಗುಳಿ ಬಿದ್ದು, ಆ ಗುಳಿ ಚರ್ಮಕ್ಕೆ ಒತ್ತಿ ಹುಣ್ಣಾಗುತ್ತದೆ.

ಉಗುರುಬೆಚ್ಚಗಿನ ನೀರಲ್ಲಿ ಅದ್ದಬೇಕೆಂದು ಪುಸ್ತಕದಲ್ಲಿದೆ. ರಾಯಚೂರು ಜಿಲ್ಲೆಯ ಏಪ್ರಿಲ್ ಮಧ್ಯಾಹ್ನ ಟ್ಯಾಂಕಿನ ನೀರು ಕೈ ಇಡಲಾಗದಷ್ಟು ಕಾದಿರುತ್ತದೆ. ನೀರು ಬಿಸಿಯಾದಷ್ಟೂ ಪಟ್ಟಿ ಬೇಗ ಬಿಗಿಯುತ್ತದೆ, ಒಳಗೆ ಏಳುವ ಶಾಖವೂ ಹೆಚ್ಚು, ಚರ್ಮ ಸುಡುವ ಅಪಾಯವಿದೆ. ಅದಕ್ಕೇ ತಿಳಿದ ಸಿಸ್ಟರ್ ಬಕೆಟ್ಟಿಗೆ ಕೊಡದ ತಣ್ಣೀರು ಬೆರೆಸಿ, ತನ್ನ ಮುಂಗೈ ಅದ್ದಿ ನೋಡಿ, ಆಮೇಲೆ ಸುರುಳಿ ಕೇಳುತ್ತಾರೆ. ಪಕ್ಕದಲ್ಲಿ ನಿಂತು ನೋಡಿದವರಿಗೆ ಮಾತ್ರ ದಕ್ಕುವ ವಿದ್ಯೆ ಇದು.

ಪಟ್ಟಿ ಕಟ್ಟಿದ ಮೇಲೆ ನರ್ಸಿನ ನಿಜವಾದ ಕೆಲಸ ಆರಂಭ. ಪಟ್ಟಿಯಾಚೆ ಇಣುಕುವ ಬೆರಳಿನ ಉಗುರನ್ನು ಒತ್ತಿ ಬಿಟ್ಟರೆ ಬಿಳಿಚಿದ ಉಗುರು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಆಗದಿದ್ದರೆ ರಕ್ತ ಹರಿಯುತ್ತಿಲ್ಲ. ಬೆರಳು ತಣ್ಣಗಿದೆಯೇ, ಊದಿದೆಯೇ, ಜೋಮು ಹಿಡಿದಿದೆಯೇ, ಆಡಿಸಲು ಬರುತ್ತದೆಯೇ ಎಂದು ನೋಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ನೋವಿನ ಬಗೆ. ಎಲುಬು ಕೂಡಿಸಿ ಕಟ್ಟಿದ ಮೇಲೆ ನೋವು ಇಳಿಯಬೇಕು. ಗುಳಿಗೆ ನುಂಗಿದರೂ ಏರುತ್ತಲೇ ಹೋಗುವ ನೋವು, ಬೆರಳನ್ನು ನೇರ ಮಾಡಿದರೆ ಕಿರುಚುವಂಥ ನೋವು ಬಂದರೆ ಒಳಗೆ ಸ್ನಾಯು ಉಸಿರುಗಟ್ಟುತ್ತಿದೆ ಎಂದರ್ಥ. ಅದಕ್ಕೆ ಸಿಗುವ ವ್ಯವಧಾನ ಕೆಲವೇ ಗಂಟೆಗಳು. ಆ ಗಂಟೆಗಳು ಸರಿಯುವುದು ಆಸ್ಪತ್ರೆಯಲ್ಲಲ್ಲ, ಹಳ್ಳಿಯ ಮನೆಯ ಪಡಸಾಲೆಯಲ್ಲಿ, ರಾತ್ರಿ ಹೊತ್ತಿನಲ್ಲಿ. ‘ನೋವು ಇರೋದೇ, ಬೆಳಿಗ್ಗೆ ನೋಡಮು’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಬೆಳಿಗ್ಗೆಯಷ್ಟೊತ್ತಿಗೆ ಮಗುವಿನ ಕೈ ಕೈಯಾಗಿ ಉಳಿದಿರುವುದಿಲ್ಲ.

ಊರಲ್ಲಿ ಬಿದಿರ ಚಕ್ಕೆ ಇಟ್ಟು ನಾಟಿ ಕಟ್ಟು ಕಟ್ಟುವವರ ಮೇಲೆ ನನಗೆ ಸಿಟ್ಟಿಲ್ಲ. ಡಾಕ್ಟರೇ ಇಲ್ಲದ ಕಾಲದಲ್ಲಿ ಅವರು ಈ ಸೀಮೆಯ ಎಲುಬುಗಳನ್ನು ಕಾಯ್ದಿದ್ದಾರೆ. ಇಂದಿಗೂ ಜನ ಅವರ ಬಳಿ ಹೋಗುವುದಕ್ಕೆ ಖರ್ಚು, ದೂರ, ಆಪರೇಷನ್ನಿನ ಭಯ ಎಂಬ ಕಾರಣಗಳಿವೆ. ಆದರೆ ಊತ ಏರುತ್ತಿರುವ ಕೈಗೆ ಬಿದಿರ ಚಕ್ಕೆ ಬಿಗಿದರೆ ಆಗುವ ಅನಾಹುತವೂ ನಿಜ. ಅಂಥ ಕೈ ಓಪಿಡಿಗೆ ಬಂದಾಗ ಬೈದು ಕಳಿಸುವುದರಿಂದ ಏನೂ ಬದಲಾಗದು. ಮಸ್ಕಿ ಕಡೆಯ ಹಳ್ಳಿಯಿಂದಲೇ ಬಂದ ನರ್ಸಿಂಗ್ ಹುಡುಗಿ ಪಕ್ಕ ಕೂತು, ‘ಯಕ್ಕಾ, ಕಟ್ಟಿಸಿಕೊಂಡೀರಿ, ಇರ್ಲಿ. ಇನ್ನ ಮ್ಯಾಲೆ ಉಗುರು ಹಿಂಗ ಒತ್ತಿ ನೋಡ್ರಿ. ಕೆಂಪಾಗ್ಲಿಲ್ಲಂದ್ರ ರಾತ್ರಿ ಎಷ್ಟೊತ್ತಾದ್ರೂ 108ಕ್ಕ ಫೋನ್ ಮಾಡ್ರಿ’ ಎಂದರೆ ಆ ಮಾತು ಊರು ಮುಟ್ಟುತ್ತದೆ.

ಹೇಳಬೇಕಾದ ಮಾತು ಬಹಳ. ಕೈಯನ್ನು ಎದೆಗಿಂತ ಎತ್ತರದಲ್ಲಿ ದಿಂಬಿನ ಮೇಲಿಡಿ. ತುರಿಕೆಯೆಂದು ಪಟ್ಟಿಯೊಳಗೆ ಕಸಬರಿಗೆ ಕಡ್ಡಿ ಹಾಕಬೇಡಿ. ನೀರಲ್ಲಿ ನೆನೆಸಿ ನೀವೇ ಬಿಚ್ಚಬೇಡಿ. ಕಾಲಿಗೆ ಪಟ್ಟಿ ಬಿದ್ದವರಿಗೆ ಇನ್ನೊಂದು ಪ್ರಶ್ನೆ ಕೇಳಲೇಬೇಕು. ಅದನ್ನು ಕೇಳುವವರು ಕಡಿಮೆ: ‘ಸಂಡಾಸಕ್ಕ ಎಲ್ಲಿ ಹೋಗ್ತೀರಿ?’ ಬಯಲಿಗೆ ಹೋಗುವವರಿರಲಿ, ಮನೆಯಲ್ಲಿ ಶೌಚಾಲಯ ಇದ್ದವರೂ ಕುಕ್ಕರಗಾಲಲ್ಲಿ ಕೂರುವುದಾದರೂ ಹೇಗೆ? ತೊಡೆವರೆಗೆ ಪಟ್ಟಿ ಇರುವ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಊಟ ಕಡಿಮೆ ಮಾಡುತ್ತಾರೆ, ಸಂಕೋಚಕ್ಕೆ ಯಾರಿಗೂ ಹೇಳುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ಕೆಳಗೆ ಬಕೆಟ್ ಇಡುವ ಉಪಾಯವನ್ನು ಹೇಳಿಕೊಟ್ಟರೆ ಅವರ ಆರು ವಾರ ಹಗುರಾಗುತ್ತದೆ. ಊರುಗೋಲು ಕೊಟ್ಟು ಕಳಿಸುವಾಗಲೂ ಹಾಗೆಯೇ. ಭಾರ ಬೀಳಬೇಕಾದದ್ದು ಅಂಗೈ ಮೇಲೆ. ಕಂಕುಳಿಗೂ ಕೋಲಿಗೂ ನಡುವೆ ಎರಡು ಮೂರು ಬೆರಳಿನಷ್ಟು ಜಾಗ ಇರಬೇಕು, ಇಲ್ಲದಿದ್ದರೆ ಕಂಕುಳಿನ ನರ ಒತ್ತಿ ಮುಂಗೈಯೇ ಜೋತುಬೀಳುತ್ತದೆ. ಮೆಟ್ಟಿಲು ಹತ್ತುವಾಗ ಚೊಲೊ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಓಪಿಡಿಯ ಮೆಟ್ಟಿಲ ಮೇಲೆಯೇ ಎರಡು ಸಲ ಹತ್ತಿಸಿ ಇಳಿಸಬೇಕು.

ಈ ಭಾಗದ ಓಪಿಡಿಗೆ ಇನ್ನೊಂದು ವಿಶೇಷವಿದೆ, ಅದು ನೀರಿನದು. ರಾಯಚೂರು ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯಿಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ವರ್ಷಗಟ್ಟಲೆ ಇದನ್ನು ಮೀರಿದ ನೀರು ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ, ದೊಡ್ಡವರ ಬೆನ್ನು ಮತ್ತು ಕುತ್ತಿಗೆ ಸೆಟೆಯುತ್ತವೆ, ಕೀಲಿನ ಸುತ್ತಲ ಅಸ್ಥಿರಜ್ಜುಗಳೂ ಎಲುಬಿನಂತೆ ಗಟ್ಟಿಯಾಗುತ್ತವೆ. ಫ್ಲೋರೋಸಿಸ್ ಎಂಬ ಈ ಎಲುಬಿನ ರೋಗ ಭಾರತದಲ್ಲಿ ಮನುಷ್ಯರಲ್ಲಿ ಮೊದಲು ವರದಿಯಾದದ್ದು 1937ರಲ್ಲಿ, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ನೆಲ್ಲೂರು ಜಿಲ್ಲೆಯಿಂದ.

ಓಪಿಡಿಯಲ್ಲಿ ಇಂಥವರು ‘ಮೈ ಹಿಡಕೊಂಡೈತಿ’ ಎನ್ನುತ್ತಾರೆ. ಅವರ ಚೀಟಿಯ ಮೇಲೆ ನೋವಿನ ಗುಳಿಗೆ, ಮುಲಾಮು ಬೀಳುತ್ತದೆ. ಪತ್ತೆ ಮಾಡಲು ಮೊದಲ ಮೆಟ್ಟಿಲಿನ ಪರೀಕ್ಷೆಗೆ ಯಂತ್ರ ಬೇಡ, ವಿದ್ಯಾರ್ಥಿಯೇ ಮಾಡಬಹುದು. ‘ತಾತಾ, ಮೊಣಕಾಲು ಮಡಚದಂಗ ಬಾಗಿ ಕಾಲ್ಬೆರಳು ಮುಟ್ರಿ. ಗದ್ದ ಎದಿಗೆ ಹಚ್ಚ್ರಿ. ಎರಡೂ ಕೈ ತಲಿ ಹಿಂದ ಒಯ್ರಿ.’ ಮೂರೂ ಆಗದಿದ್ದರೆ ಮುಂದಿನ ಪ್ರಶ್ನೆ: ‘ಮನ್ಯಾಗ ಯಾವ ನೀರು ಕುಡೀತೀರಿ? ಎಷ್ಟು ವರ್ಷದಿಂದ?’ ಒಂದೇ ಊರಿನಿಂದ, ಒಂದೇ ಬೋರಿನ ನೀರಿನಿಂದ ಇಂಥ ನಾಲ್ಕು ಚೀಟಿ ಬಂದರೆ ಅದನ್ನು ಬರೆದಿಟ್ಟು ಡಾಕ್ಟರ ಗಮನಕ್ಕೆ, ಅಲ್ಲಿಂದ ತಾಲ್ಲೂಕು ಆರೋಗ್ಯಾಧಿಕಾರಿಗಳ ಗಮನಕ್ಕೆ ತರಬಹುದು. ರಿಜಿಸ್ಟರ್ ಬರೆಯುವ ಕೆಲಸವನ್ನೇ ವಿದ್ಯಾರ್ಥಿಗೆ ಕೊಡುವುದಾದರೆ ಇಂಥ ರಿಜಿಸ್ಟರ್ ಬರೆಸಿ.

ಇನ್ನೊಂದನ್ನು ನೆನಪಿಡಬೇಕು. ಆರೋಗ್ಯ ಶಿಕ್ಷಣವೆಂದರೆ ‘ನೀರು ಕುದಿಸಿ ಆರಿಸಿ ಕುಡೀರಿ’ ಎನ್ನುವುದು ನಾಲಿಗೆ ತುದಿಯ ಮಾತಾಗಿಬಿಟ್ಟಿದೆ. ವಾಂತಿಭೇದಿಗೆ ಅದು ಸರಿ. ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಮಂದವಾಗುತ್ತದೆ. ಇಲ್ಲಿ ಹೇಳಬೇಕಾದದ್ದು ಶುದ್ಧ ನೀರಿನ ಘಟಕದ ಕ್ಯಾನು, ಹೊಳೆ-ಕಾಲುವೆ ಮೂಲದಿಂದ ಶುದ್ಧೀಕರಿಸಿ ಬಿಡುವ ನೀರು, ಮಳೆ ನೀರಿನ ಸಂಗ್ರಹ, ಹಾಲು ಮೊಸರು, ನುಗ್ಗೆಸೊಪ್ಪು. ಊರಿನ ಘಟಕ ಕೆಟ್ಟು ನಿಂತಿದ್ದರೆ ಪಂಚಾಯಿತಿಯನ್ನು ಕೇಳುವ ಧೈರ್ಯವನ್ನೂ ಹೇಳಿಕೊಡಬೇಕು. ಮೈಸೂರಿಗೂ ಮಂಗಳೂರಿಗೂ ಸಿಂಧನೂರಿಗೂ ಪಠ್ಯ ಒಂದೇ. ಪಾಠ ಮಾತ್ರ ಒಂದೇ ಆಗಲಾರದು.

ಟೊಂಕ ನೋವಿನ ಸಾಲಿನಲ್ಲೂ ಎಲ್ಲರದೂ ಒಂದೇ ನೋವಲ್ಲ. ನಾಟಿಯಿಂದ ಬಂದ ನೋವು ಮಲಗಿದರೆ ಇಳಿಯುತ್ತದೆ. ಮಲಗಿದರೂ ಇಳಿಯದ, ಸಂಜೆ ಜ್ವರ ತರುವ, ತೂಕ ಕರಗಿಸುವ ನೋವು ಬೆನ್ನೆಲುಬಿನ ಕ್ಷಯದ್ದಿರಬಹುದು. ‘ಸಂಜಿಗೆ ಮೈ ಬಿಸಿ ಆಗ್ತೈತೇನು?’ ಎಂಬ ಒಂದು ಪ್ರಶ್ನೆ ಒಬ್ಬರ ಕಾಲ ಸ್ವಾಧೀನವನ್ನು ಉಳಿಸಬಲ್ಲದು. ಕ್ಷಯದ ಮದ್ದು ಸರ್ಕಾರದಲ್ಲಿ ಉಚಿತ.

ಮಕ್ಕಳ ವಿಷಯಕ್ಕೆ ಬಂದರೆ ಹುಟ್ಟುತ್ತಲೇ ಪಾದ ಒಳಕ್ಕೆ ತಿರುಗಿದ ಕೂಸುಗಳು ಬರುತ್ತವೆ. ಗ್ರಹಣದಲ್ಲಿ ಬಸುರಿ ಹೊರಗೆ ಬಂದಳೆಂದು ತಾಯಿಯ ಮೇಲೆ ಅಪವಾದ ಹೊರಿಸಿಯೇ ಕರೆತಂದಿರುತ್ತಾರೆ. ಅಮೆರಿಕದ ಅಯೋವಾದಲ್ಲಿದ್ದ ಇಗ್ನೇಷಿಯೋ ಪಾನ್ಸೆಟಿ ಎಂಬ ವೈದ್ಯರು ರೂಪಿಸಿದ ಕ್ರಮದಲ್ಲಿ ವಾರಕ್ಕೊಮ್ಮೆ ಪಾದವನ್ನು ಮೆಲ್ಲಗೆ ತಿದ್ದಿ ಪಟ್ಟಿ ಹಾಕುತ್ತ ಹೋದರೆ, ಸಾಮಾನ್ಯವಾಗಿ ಐದಾರು ಪಟ್ಟಿಗಳಲ್ಲಿ ಪಾದ ನೇರವಾಗುತ್ತದೆ. ಹಿಮ್ಮಡಿಯ ಸ್ನಾಯುರಜ್ಜುವನ್ನು ಚಿಕ್ಕದಾಗಿ ಕತ್ತರಿಸುವುದು ಬಹುತೇಕ ಕೂಸುಗಳಿಗೆ ಬೇಕಾಗುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕೈದು ವರ್ಷದವರೆಗೆ ರಾತ್ರಿ ಹೊತ್ತು, ಅಡ್ಡ ಸರಳಿಗೆ ಜೋಡಿಸಿದ ವಿಶೇಷ ಬೂಟು ತೊಡಿಸಬೇಕು. ಕೂಸು ಅಳುತ್ತದೆಂದು ಬೂಟು ಬಿಟ್ಟರೆ ಪಾದ ಮತ್ತೆ ತಿರುಗುತ್ತದೆ. ಈ ಚಿಕಿತ್ಸೆ ಗೆಲ್ಲುವುದೂ ಸೋಲುವುದೂ ತಾಯಿಯ ಕೈಯಲ್ಲಿ. ಆಕೆಯನ್ನು ಅಪವಾದದಿಂದ ಬಿಡಿಸಿ ಧೈರ್ಯ ತುಂಬುವ ಕೆಲಸ ನರ್ಸಿನದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕೂಸಿನ ತಾಯಿಗೆ ಬಸ್ಸಿನ ದುಡ್ಡಿನ ಚಿಂತೆ ತಪ್ಪಿದೆ. ಪ್ರತಿ ವಾರ ಬರಬೇಕಾದವರಿಗೆ ಅದು ಸಣ್ಣ ಮಾತಲ್ಲ.

ಓಪಿಡಿಯ ಶುಶ್ರೂಷೆಗೆ ಇಷ್ಟು ಮಹತ್ವ ಕೊಡುವುದು ಹೊಸ ವಿಚಾರವೇನಲ್ಲ. ಇಂಗ್ಲೆಂಡಿನ ಆಗ್ನೆಸ್ ಹಂಟ್ ಚಿಕ್ಕಂದಿನಲ್ಲೇ ಸೊಂಟದ ಕೀಲು ಕೆಟ್ಟು ಕುಂಟುತ್ತಿದ್ದರು. ಆದರೂ ನರ್ಸಿಂಗ್ ಕಲಿತರು. 1900ರಲ್ಲಿ ಶ್ರಾಪ್‌ಶೈರ್‌ನ ಬಾಸ್‌ಚರ್ಚ್ ಎಂಬ ಹಳ್ಳಿಯಲ್ಲಿ ಎಲುಬು-ಕೀಲಿನ ತೊಂದರೆಯಿದ್ದ ಮಕ್ಕಳಿಗೆ ಆರೈಕೆ ಮನೆ ತೆರೆದರು. ಮುಂದೆ ಶಸ್ತ್ರವೈದ್ಯ ರಾಬರ್ಟ್ ಜೋನ್ಸ್ ಜೊತೆಗೂಡಿದರು. ಆಪರೇಷನ್ ಚೆನ್ನಾಗಿ ಆದ ಮಕ್ಕಳೂ ಊರಿಗೆ ಹೋಗಿ ಹಾಳಾಗಿ ಬರುವುದನ್ನು ಕಂಡು, ಆಗ್ನೆಸ್ ಸುತ್ತಲ ಪೇಟೆಗಳಲ್ಲಿ ಆರೈಕೆಯ ಕ್ಲಿನಿಕ್‌ಗಳ ಜಾಲ ಹೆಣೆದರು. ಅವನ್ನು ನಡೆಸಿದವರು ತರಬೇತಾದ ನರ್ಸುಗಳು. ರೋಗಿಯ ಊರಿನ ಹತ್ತಿರಕ್ಕೆ ಆಸ್ಪತ್ರೆಯೇ ಹೋಗಬೇಕು ಎಂಬ ಆ ವಿಚಾರ ಮಸ್ಕಿ ಸೀಮೆಗೆ ಇಂದು ತೀರಾ ಒಪ್ಪುತ್ತದೆ.

ಇಲ್ಲಿನ ವಿದ್ಯಾರ್ಥಿಗಳ ಬಳಿ ಬೇರೆಲ್ಲೂ ಸಿಗದ ಬಂಡವಾಳವಿದೆ. ಸಿಂಧನೂರಿನ ಓಪಿಡಿಗೆ ಕನ್ನಡದವರ ಜೊತೆ ಕ್ಯಾಂಪುಗಳ ತೆಲುಗರು, ಪುನರ್ವಸತಿ ಕ್ಯಾಂಪುಗಳ ಬಂಗಾಳಿಗಳು, ತಾಂಡಾದ ಲಂಬಾಣಿಗರು, ಉರ್ದು ಮಾತಾಡುವವರು ಬರುತ್ತಾರೆ. ತಾಂಡಾದಿಂದ ಬಂದ ಹುಡುಗಿ ಲಂಬಾಣಿ ಅಜ್ಜಿಯ ನೋವನ್ನು ಕೇಳಿ ಡಾಕ್ಟರಿಗೆ ಮುಟ್ಟಿಸಿದಷ್ಟು ಚೆನ್ನಾಗಿ ಇನ್ನಾರು ಮುಟ್ಟಿಸಿಯಾರು? ಹುಡುಗರಿಗೆ ಸ್ಟ್ರೆಚರ್ ಎತ್ತುವ ಕೆಲಸವಷ್ಟೇ ಕೊಡುವುದೂ ತಪ್ಪು. ಹೆಣ್ಣುಮಕ್ಕಳ ಮುಂದೆ ಬಾಯಿ ಬಿಡದ ಗಂಡಸರು, ಗುಳೆಯಿಂದ ಮುರಿದು ಬಂದ ಯುವಕರು, ಅವರ ಬಳಿ ಮಾತಾಡುತ್ತಾರೆ. ಇನ್ನು ದುಡಿಯಲಾಗದು ಎಂಬ ಕಳವಳ, ಸಾಲದ ಲೆಕ್ಕ, ಅಂಗವಿಕಲರ ಸರ್ಟಿಫಿಕೇಟ್ ಸಿಗುತ್ತದೆಯೇ ಎಂಬ ಪ್ರಶ್ನೆ ಎಲ್ಲ ಹೊರಬರುತ್ತವೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಂತೆ ಮೀಸಲು ಸೌಲಭ್ಯಕ್ಕೆ ಕನಿಷ್ಠ ಶೇ 40ರಷ್ಟು ಊನ ಇರಬೇಕು, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬೇಕು ಎಂಬ ದಾರಿಯನ್ನು ಅಲ್ಲೇ ತಿಳಿಸಿದರೆ ಅವರು ಮಧ್ಯವರ್ತಿಗಳ ಕೈಗೆ ಬೀಳುವುದು ತಪ್ಪುತ್ತದೆ.

ಇದೆಲ್ಲ ಆಗಬೇಕಾದರೆ ಕಾಲೇಜಿನ ಬೋಧಕರು ಓಪಿಡಿಯಲ್ಲಿ ನಿಲ್ಲಬೇಕು. ವಿದ್ಯಾರ್ಥಿಗಳನ್ನು ಬಸ್ಸಿನಿಂದ ಇಳಿಸಿ, ಹಾಜರಿ ಹಾಕಿ ಹೋದರೆ ಆಗದು. ಪ್ರೊಸೀಜರ್ ಪುಸ್ತಕಕ್ಕೆ ಸಹಿ ಬಿದ್ದರೆ ಸಾಕೆಂಬ ಧಾವಂತ ಮಕ್ಕಳಲ್ಲಿದ್ದರೆ, ಅದನ್ನು ಬೆಳೆಸಿದವರು ನಾವು. ನೋಡದೆ ಹಾಕಿದ ಸಹಿ ನಾಳೆ ಯಾರದೋ ಕೈಯ ಮೇಲೆ ಬಿಗಿಯಾಗಿ ಕೂರುವ ಪಟ್ಟಿಯಾಗುತ್ತದೆ. ಪಟ್ಟಿ ಕೋಣೆಯ ಹೊರಗೆ ಒಂದು ಮೇಜು, ಎರಡು ಕುರ್ಚಿ ಹಾಕಿಸಿ. ಪಟ್ಟಿ ಹಾಕಿಸಿಕೊಂಡ ಯಾರೂ ಅಲ್ಲಿ ಕೂತು ಐದು ನಿಮಿಷ ಕೇಳಿಸಿಕೊಳ್ಳದೆ ಗೇಟು ದಾಟಬಾರದು. ಹೇಳುವುದು ವಿದ್ಯಾರ್ಥಿ, ಪಕ್ಕದಲ್ಲಿ ಕೇಳಿಸಿಕೊಂಡು ತಿದ್ದುವುದು ಹಿರಿಯ ನರ್ಸ್. ಕೇಳಿದ್ದನ್ನು ರೋಗಿಯ ಮನೆಯವರ ಬಾಯಿಂದ ಒಮ್ಮೆ ತಿರುಗಿ ಹೇಳಿಸಬೇಕು. ಓದು ಬಾರದವರ ಚೀಟಿಯ ಹಿಂದೆ ಊದಿದ ಬೆರಳಿನ ಚಿತ್ರ ಬರೆದು ಕೊಡಬೇಕು. ಮರುದಿನ ಬೆಳಿಗ್ಗೆ ಆ ಮನೆಗೆ ಒಂದು ಫೋನು: ‘ರಾತ್ರಿ ನಿದ್ದಿ ಬಂತೇನು? ಬೆರಳು ಆಡ್ತಾವೇನು?’ ಈ ಕರೆಗೂ ಪ್ರೊಸೀಜರ್ ಪುಸ್ತಕದಲ್ಲಿ ಒಂದು ಸಾಲು, ಒಂದು ಸಹಿ ಇರಲಿ. ಮೂರನೇ ಸೆಮಿಸ್ಟರ್‌ನ ಎರಡು ವಾರಗಳಲ್ಲಿ ಒಂದನ್ನಾದರೂ ಪೂರಾ ಇದಕ್ಕೆ ಬಿಟ್ಟುಕೊಡಲು ಸಿಂಧನೂರು, ಲಿಂಗಸುಗೂರು, ರಾಯಚೂರಿನ ಕಾಲೇಜುಗಳು ಮನಸ್ಸು ಮಾಡಿದರೆ ಹೊಸ ಕಟ್ಟಡವಾಗಲಿ ಹೊಸ ಅನುದಾನವಾಗಲಿ ಬೇಕಿಲ್ಲ. ಬರುವ ನಾಟಿ ಹಂಗಾಮಿಗೆ ಮುಂಚೆಯೇ ಶುರು ಮಾಡಬಹುದು.